ತಿಥಿಗೆ ಬಾರದ ಮೆಣಸಿನಕಾಯಿ

ಓದಲೆಂದು ತುಮಕೂರಿಗೆ ಬಂದಾಗ ಚಿಕ್ಕಪೇಟೆಯ ಒಂದು ಹಳೆಯ ಮನೆಯ ಹಿಂಬದಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನಿಗೆ ಆಗಲೇ ಎಪ್ಪತ್ತು ದಾಟಿತ್ತು. ರಾತ್ರಿ ಮೊಸರನ್ನ ಕಲಸಿದ ದಿನ ಅಡುಗೆಮನೆಯ ಕಿಟಕಿಯಿಂದಲೇ ನನಗೊಂದು ತಟ್ಟೆ ಚಾಚುತ್ತಿದ್ದರು. ಅನ್ನದ ಮೇಲೆ ಎರಡು ಕರಿದ ಬಾಳಕದ ಮೆಣಸಿನಕಾಯಿ ಇರುತ್ತಿತ್ತು. ಆ ತಟ್ಟೆಯ ಆಸೆಗೇ ನಾನು ಆ ಕೋಣೆಯ ಸೋರುವ ಸೂರನ್ನು ಮೂರು ವರ್ಷ ಸಹಿಸಿಕೊಂಡೆ ಅಂದರೂ ಸುಳ್ಳಲ್ಲ.

ಒಂದು ದಿನ ಅವರ ಮಾವನವರ ತಿಥಿ. ಬ್ರಾಹ್ಮಣರ ಊಟ ಮುಗಿದ ಮೇಲೆ ನನ್ನನ್ನೂ ಕರೆದು ಹಜಾರದಲ್ಲಿ ಎಲೆ ಹಾಕಿದರು. ವಡೆ, ರವೆಉಂಡೆ, ಬಾಳೆಕಾಯಿ ಪಲ್ಯ, ಸಿಹಿಗೆಣಸು, ಮೂಗಿಗೆ ಘಮ್ಮೆಂದು ಹೊಡೆಯುವ ಮೆಣಸಿನ ಸಾರು. ಕೊನೆಗೆ ಮಜ್ಜಿಗೆ ಅನ್ನ ಬಂದಾಗ ಅಭ್ಯಾಸಬಲದಿಂದ, "ಬಾಳಕ ಇದೆಯಾ ಅಮ್ಮ?" ಅಂದೆ.

"ಇವತ್ತು ಇಲ್ಲ ಕಣಪ್ಪ. ತಿಥಿಗೆ ಮೆಣಸಿನಕಾಯಿ ಬರಲ್ಲ."

ಯಾಕೆ ಬರಲ್ಲ ಅಂದೆ.

"ಬರಲ್ಲ ಅಂದ್ರೆ ಬರಲ್ಲ. ಮೆಣಸು ಬರತ್ತೆ, ಮೆಣಸಿನಕಾಯಿ ಬರಲ್ಲ. ನಮ್ಮತ್ತೆ ಹೀಗೇ ಮಾಡ್ತಿದ್ರು, ಅವರತ್ತೆನೂ ಹೀಗೇ ಮಾಡ್ತಿದ್ರಂತೆ."

ಅವರ 'ಬರಲ್ಲ' ಅಂದರೆ ಸಲ್ಲುವುದಿಲ್ಲ ಎಂದರ್ಥ. ಅದೇ ಮಾತಿಗೆ ಇನ್ನೊಂದು ಅರ್ಥವೂ ಇರಬಹುದು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಆ ಅಡುಗೆಯ ಪಟ್ಟಿ ಗಟ್ಟಿಯಾಗುವ ಹೊತ್ತಿಗೆ ಮೆಣಸಿನಕಾಯಿ ಈ ದೇಶಕ್ಕೆ ಬಂದೇ ಇರಲಿಲ್ಲ.

ತಿಥಿಗೆ ನಿಷಿದ್ಧವಾದ ತರಕಾರಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಆಲೂಗಡ್ಡೆ, ಟೊಮ್ಯಾಟೊ, ಕೋಸು, ಹೂಕೋಸು, ಮೆಣಸಿನಕಾಯಿ. ಕೆಲವು ಮನೆಗಳಲ್ಲಿ ಇವಕ್ಕೆ ಒಟ್ಟಾಗಿ 'ಇಂಗ್ಲಿಷ್ ತರಕಾರಿ' ಎಂದೇ ಹೆಸರು. ಎಲೆಯ ಮೇಲೆ ಉಳಿಯುವುದು ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ, ಉದ್ದು, ಎಳ್ಳು, ಶುಂಠಿ, ಮೆಣಸು. ಸತ್ತವರಿಗಾಗಿ ವರ್ಷಕ್ಕೊಮ್ಮೆ ಬೇಯುವ ಈ ಅಡುಗೆ, ಬದುಕಿರುವವರ ಅಡುಗೆ ಐನೂರು ವರ್ಷದ ಹಿಂದೆ ಹೇಗಿತ್ತೆಂಬುದರ ಒಂದು ನಕಲು ಪ್ರತಿ. ಪೂರ್ತಿ ನಂಬುವಂಥ ಪ್ರತಿಯಲ್ಲ, ಅದನ್ನೂ ಹೇಳಬೇಕು. ಅಂದು ನನ್ನ ಎಲೆಯ ಮೇಲಿದ್ದ ಸಿಹಿಗೆಣಸು ಕೂಡ ಮೆಣಸಿನಕಾಯಿಯ ಹಾಗೆಯೇ ಅಮೆರಿಕ ಖಂಡದಿಂದ ಬಂದದ್ದು. ಗೆಣಸು ಎಂಬ ಹಳೆಯ ಹೆಸರು ನಮ್ಮ ಕಾಡುಗೆಡ್ಡೆಗಳಿಗೆ ಮೊದಲೇ ಇತ್ತು. ಆ ಹೆಸರಿನ ಮರೆಯಲ್ಲಿ ಸಿಹಿಗೆಣಸು ಯಾರ ಕಣ್ಣಿಗೂ ಬೀಳದೆ ಪಂಕ್ತಿಯಲ್ಲಿ ಕೂತುಬಿಟ್ಟಿತು. ಮೆಣಸಿನಕಾಯಿಯೂ ಹಳೆಯ ಹೆಸರು ಹೊತ್ತೇ ಬಂದಿತ್ತು, ಆದರೆ ಪಕ್ಕದಲ್ಲೇ ನಿಜವಾದ ಮೆಣಸು ಕೂತಿತ್ತಲ್ಲ, ಗುರುತು ಸಿಕ್ಕಿಬಿಟ್ಟಿತು.

ಈ ಹೆಸರಿನ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೆಣಸಿನಕಾಯಿ ಅಂದರೆ ಮೆಣಸಿನ ರುಚಿಯ ಕಾಯಿ. ತಮಿಳರ ಮಿಳಗಾಯ್ ಕೂಡ ಹಾಗೆಯೇ, ಮಿಳಗು ಎಂಬ ಮೆಣಸಿಗೆ ಕಾಯ್ ಸೇರಿದ್ದು. ಗೊತ್ತಿಲ್ಲದ ವಸ್ತು ಬಂದಾಗ ಗೊತ್ತಿರುವ ವಸ್ತುವಿನ ಹೆಸರನ್ನು ಎರವಲು ಕೊಡುವುದು ಲೋಕದ ರೂಢಿ. 1493ರ ಜನವರಿಯಲ್ಲಿ ಕೊಲಂಬಸ್ ಕೂಡ ತನ್ನ ದಿನಚರಿಯಲ್ಲಿ ಮಾಡಿದ್ದು ಇದನ್ನೇ. ಕೆರಿಬಿಯನ್ ದ್ವೀಪದ ಜನ 'ಅಹಿ' ಎಂದು ಕರೆಯುತ್ತಿದ್ದ ಈ ಕಾಯಿಯನ್ನು ಅವನು ಅವರ ಮೆಣಸು ಎಂದು ಬರೆದುಕೊಂಡ. ಮೆಣಸು ಹುಡುಕಿಕೊಂಡೇ ಹೊರಟಿದ್ದವನು ಅವನು. ಭಾರತ ಸಿಗಲಿಲ್ಲ, ಮೆಣಸೂ ಸಿಗಲಿಲ್ಲ. ಸಿಕ್ಕಿದ್ದಕ್ಕೆ ಎರಡರ ಹೆಸರನ್ನೂ ಇಟ್ಟುಬಿಟ್ಟ. ಅಲ್ಲಿನ ಜನ ಇಂಡಿಯನ್ನರಾದರು, ಅವರ ಕಾಯಿ ಪೆಪ್ಪರ್ ಆಯಿತು.

ಕರಾವಳಿಯಲ್ಲಿ ಈ ಎರವಲು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕುಂದಾಪುರದ ಕಡೆ ಬರಿಯ 'ಮೆಣಸು' ಅಂದರೆ ಮೆಣಸಿನಕಾಯಿಯೇ. ನಿಜವಾದ ಮೆಣಸು ಬೇಕಾದರೆ 'ಒಳ್ಳೆಮೆಣಸು' ಎನ್ನಬೇಕು. ತುಳುವಿನಲ್ಲೂ ಮುಂಚಿ ಅಂದರೆ ಮೆಣಸಿನಕಾಯಿ, ಮೆಣಸು 'ಎಡ್ಡೆ ಮುಂಚಿ'. ಬಾಡಿಗೆಗೆ ಬಂದವನು ಮನೆಯ ಹೆಸರನ್ನೇ ತನ್ನದಾಗಿಸಿಕೊಂಡ, ಮನೆಯ ಯಜಮಾನ ತಾನು ಒಳ್ಳೆಯವನೆಂದು ಗುರುತುಚೀಟಿ ಹಿಡಿದು ತಿರುಗಬೇಕಾಯಿತು. ನಮ್ಮ ತುಮಕೂರು ಸೀಮೆಯಲ್ಲಿ ಅಷ್ಟು ದೂರ ಹೋಗಿಲ್ಲ. ಇಲ್ಲಿ ಮೆಣಸು ಇವತ್ತಿಗೂ ಮೆಣಸೇ.

ಇನ್ನೊಂದು ಸಂಗತಿ ಬರೆಯುತ್ತಾ ಕೂತಾಗ ಕಣ್ಣಿಗೆ ಬಿತ್ತು. ಉಪ್ಪಿನಕಾಯಿ, ಮೆಣಸಿನಕಾಯಿ. ಎರಡು ಪದಗಳ ಕಟ್ಟೋಣ ಒಂದೇ, ಅರ್ಥ ಮಾತ್ರ ಬೇರೆ. ಒಂದರಲ್ಲಿ ಕಾಯಿಗೆ ಉಪ್ಪನ್ನು ನಾವು ಹಾಕಿದ್ದೇವೆ. ಇನ್ನೊಂದರಲ್ಲಿ ಮೆಣಸಿನ ಗುಣವನ್ನು ಗಿಡವೇ ಹಾಕಿದೆ. ಮೊದಲನೆಯ ಪದ ಮೊದಲೇ ಇತ್ತು, ಎರಡನೆಯದು ಅದೇ ಅಚ್ಚಿನಲ್ಲಿ ಎರಕವಾಯಿತು. ಮೆಣಸಿನಕಾಯಿ ಉಪ್ಪಿನಕಾಯಿ ಎನ್ನುವಾಗ ಕಾಯಿ ಎರಡು ಸಲ ಬರುವುದು ನಮಗ್ಯಾರಿಗೂ ತೊಡಕೆನಿಸುವುದಿಲ್ಲ.

ಆ ಕಾಲವನ್ನು ನಮ್ಮ ಸೀಮೆಯ ಲೆಕ್ಕದಲ್ಲೇ ಇಟ್ಟು ನೋಡೋಣ. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದದ್ದು 1498ರಲ್ಲಿ. ಪೋರ್ಚುಗೀಸರು ಬ್ರೆಜಿಲ್ಲಿನ ದಂಡೆ ಮುಟ್ಟಿದ್ದು 1500ರಲ್ಲಿ, ಅದೂ ಭಾರತಕ್ಕೆ ಹೊರಟ ಹಡಗುಗಳಲ್ಲಿ. ಗೋವೆ ಅವರ ಕೈಸೇರಿದ್ದು 1510ರಲ್ಲಿ. ಮುಮ್ಮಡಿ ಮಂಗರಸ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದದ್ದು ಸುಮಾರು 1508ರಲ್ಲಿ. ಬದನೆ, ಹಲಸು, ಬಾಳೆಗಳಿಗೆ ಬಗೆಬಗೆಯ ಪಾಕ ಹೇಳುವ ಈ ಕಾವ್ಯದಲ್ಲಿ ಖಾರದ ಕೆಲಸವೆಲ್ಲ ಮೆಣಸು, ಶುಂಠಿ, ಸಾಸಿವೆಗಳದ್ದೇ. ಅದಕ್ಕೂ ಐನೂರು ವರ್ಷ ಹಿಂದೆ, 1025ರಲ್ಲಿ, ಇಮ್ಮಡಿ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯವನ್ನೇ ಕೊಟ್ಟಾಗಲೂ ಹಾಗೆಯೇ. ಇನ್ನು ನಮ್ಮ ಗುಬ್ಬಿಯ ಮಲ್ಲಣಾರ್ಯ 'ಭಾವಚಿಂತಾರತ್ನ'ವನ್ನು ಮುಗಿಸಿದ್ದು 1513ರಲ್ಲಿ, 'ವೀರಶೈವಾಮೃತ ಮಹಾಪುರಾಣ'ವನ್ನು 1530ರಲ್ಲಿ. ಗುಬ್ಬಿಯ ಕವಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ಹಿರಿಯ ಮೊದಲ ಕಾವ್ಯ ಬರೆಯುವಾಗ ಉಂಡ ಊಟದಲ್ಲಿ ಇವತ್ತಿನ ಗುಬ್ಬಿಯ ಯಾವ ಮನೆಯೂ ಬಿಟ್ಟಿರಲಾರದ ಆ ಒಂದು ವಸ್ತು ಇರಲಿಲ್ಲ. ಮೊದಲ ಸಲ ಇದನ್ನು ಯೋಚಿಸಿದಾಗ ನನಗೆ ಒಂಥರಾ ಕಸಿವಿಸಿಯಾಗಿತ್ತು.

ಕಸಿವಿಸಿ ನನಗೊಬ್ಬನಿಗೇ ಅಲ್ಲ. ಈ ವಿಷಯ ಎತ್ತಿದಾಗಲೆಲ್ಲ ಯಾರಾದರೂ ಒಬ್ಬರು, "ನಮ್ಮ ಆಯುರ್ವೇದದಲ್ಲೇ ಮರೀಚ ಇದೆಯಲ್ಲ ಸಾರ್" ಅನ್ನುತ್ತಾರೆ. ಇದೆ. ಆದರೆ ಸಂಸ್ಕೃತದ ಮರೀಚ ಅಂದರೆ ಬಳ್ಳಿಯಲ್ಲಿ ಬಿಡುವ ಮೆಣಸು. ಹೆಸರು ಎರವಲು ಹೋದದ್ದರ ಫಲ ಇದು. ಹಳೆಯ ಗ್ರಂಥದಲ್ಲಿ ಮೆಣಸನ್ನು ಕಂಡವರು ಮೆಣಸಿನಕಾಯಿಯನ್ನು ಕಂಡೆವೆಂದುಕೊಳ್ಳುತ್ತಾರೆ. ಅಡುಗೆಮನೆಗೆ ಬಂದು ಐನೂರು ವರ್ಷವಾದ ಮೇಲೂ ಒಂದು ಕಾಯಿ ನಮ್ಮದಾಗಲು ಪುರಾಣದ ಸಾಕ್ಷಿ ಬೇಕೆ ಎಂದು ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ.

ಆಹಾರದ ಚರಿತ್ರೆ ಬರೆದ ನಮ್ಮವರಲ್ಲಿ ದೊಡ್ಡ ಹೆಸರು ಕೆ.ಟಿ. ಅಚ್ಚಯ್ಯ ಅವರದು. ಕೊಳ್ಳೇಗಾಲದಲ್ಲಿ ಹುಟ್ಟಿದವರು, ಎಣ್ಣೆಬೀಜಗಳ ವಿಜ್ಞಾನಿ. 1994ರಲ್ಲಿ ಬಂದ ಅವರ ಭಾರತೀಯ ಆಹಾರದ ಚರಿತ್ರೆಯಲ್ಲಿ, ಮೆಣಸಿನಕಾಯಿ ಬಡವರ ಆಸರೆಯೆಂದು ಹೇಳುವ ಒಂದು ಕೀರ್ತನೆಯನ್ನು ಪುರಂದರದಾಸರ ಹೆಸರಿನಲ್ಲಿ ಎತ್ತಿ ತೋರಿಸುತ್ತಾರೆ. ದಾಸರ ಕಾಲ ಹದಿನಾರನೆಯ ಶತಮಾನದ ಮಧ್ಯದವರೆಗೆ. ದಾಸರ ಹೆಸರಿನಲ್ಲಿ ಬಾಯಿಂದ ಬಾಯಿಗೆ ಬಂದ ಹಾಡುಗಳ ವಿಷಯದಲ್ಲಿ ಸ್ವಲ್ಪ ಜೋಪಾನವಾಗಿರಬೇಕು ಎಂಬುದು ನನ್ನ ಅನಿಸಿಕೆ. ಆದರೆ ಆ ಹಾಡು ಕಂಡುಕೊಂಡ ಸತ್ಯದ ಬಗ್ಗೆ ಅನುಮಾನವಿಲ್ಲ. 1594ರ ಗುರುಲಿಂಗ ದೇಶಿಕನ 'ಲಿಂಗಪುರಾಣ' ಐವತ್ತು ಬಗೆಯ ಉಪ್ಪಿನಕಾಯಿಗಳನ್ನು ವರ್ಣಿಸುತ್ತದೆ ಎಂದೂ ಅಚ್ಚಯ್ಯ ಬರೆಯುತ್ತಾರೆ. ಅಂದರೆ ಹೊಸ ಕಾಯಿ ಘಟ್ಟ ಹತ್ತಿ ಬರುವ ಹೊತ್ತಿಗೆ ಇಲ್ಲಿ ಉಪ್ಪು ಸಿದ್ಧವಾಗಿತ್ತು, ಹುಳಿ ಸಿದ್ಧವಾಗಿತ್ತು, ಜಾಡಿಯೂ ಸಿದ್ಧವಾಗಿತ್ತು.

ಬಡವರ ಆಸರೆ ಯಾಕೆ ಎಂಬುದಕ್ಕೆ ಮೆಣಸಿನ ಕಥೆಯನ್ನೇ ನೋಡಬೇಕು. ಮೆಣಸು ಬೆಳೆಯುವುದು ಮಲೆನಾಡಿನ ನೆರಳಲ್ಲಿ, ಮರಕ್ಕೆ ಹಬ್ಬಿ. ಬಯಲುಸೀಮೆಗೆ ಅದು ಹೇರಿನಲ್ಲಿ ಬರಬೇಕು, ದಾರಿಯುದ್ದಕ್ಕೂ ಸುಂಕ ಕಟ್ಟಬೇಕು. ಆ ಕಡೆ ಹಡಗುಗಳು ಅದೇ ಮೆಣಸಿಗಾಗಿ ಕಾಯುತ್ತಿದ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆಯಲ್ಲ. ಮೆಣಸು ತುಂಬಿಕೊಂಡು ಹೋಗಲು ಬಂದ ಹಡಗುಗಳಲ್ಲೇ ಮೆಣಸಿನಕಾಯಿಯ ಬೀಜ ಬಂದಿಳಿಯಿತು. ಈ ಗಿಡಕ್ಕೆ ಘಟ್ಟ ಬೇಡ, ನೆರಳು ಬೇಡ, ಬಂಡವಾಳ ಬೇಡ. ಒಂದು ಹಣ್ಣುಗಾಯಿ ಒಡೆದು ಬೀಜ ಉದುರಿಸಿದರೆ ಪಾತ್ರೆ ತೊಳೆದ ನೀರು ಹರಿಯುವ ಕಡೆ ತಾನೇ ಎದ್ದು ನಿಲ್ಲುತ್ತದೆ. ಹಕ್ಕಿಗಳಿಗೆ ಇದರ ಖಾರ ತಾಗುವುದಿಲ್ಲ, ತಿಂದು ಹಾರಿ ಇನ್ನೊಬ್ಬರ ಹಿತ್ತಲಿಗೆ ಬಿತ್ತುತ್ತವೆ. ರಾಜರ ಪಾಲಿಗೆ ಸುಂಕವಿಲ್ಲ, ವರ್ತಕರ ಪಾಲಿಗೆ ಲಾಭವಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ಖಾರ ಎಂಬ ರುಚಿ ಎಲ್ಲರ ಹಿತ್ತಲಿಗೂ ಸಿಕ್ಕಿಬಿಟ್ಟಿತು.

ಹೀಗೆ ಬಂದದ್ದರಿಂದಲೇ ಇದಕ್ಕೆ ದಾಖಲೆ ಕಡಿಮೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ ಹನ್ನೆರಡನೆಯ ಸಂಪುಟ ನಮ್ಮ ತುಮಕೂರು ಜಿಲ್ಲೆಯ ಶಾಸನಗಳದ್ದು. ಗದ್ದೆ, ತೋಟ, ಕೆರೆ, ಕಾಳಗದಲ್ಲಿ ಬಿದ್ದ ವೀರರು, ದಾನ ತಪ್ಪಿಸಿದವರಿಗೆ ಶಾಪ, ಎಲ್ಲ ಇಂಥ ಕಲ್ಲುಗಳ ಮೇಲೆ ಬರುತ್ತವೆ. ಬಚ್ಚಲ ನೀರಿಗೆ ಮೊಳೆತ ಗಿಡವನ್ನು ಕಲ್ಲಿನ ಮೇಲೆ ಯಾರು ಕೆತ್ತಿಸುತ್ತಾರೆ? 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿ, ತುಮಕೂರು, ಗುಬ್ಬಿಗಳನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದಲ್ಲಿ ಕ್ಯಾಪ್ಸಿಕಂ ಬರುತ್ತದೆ, ರಾಗಿ ಅವರೆಗಳ ಜೊತೆಗೆ ಇನ್ನೊಂದು ಊರ ಬೆಳೆಯಾಗಿ. ಮುನ್ನೂರು ವರ್ಷದಲ್ಲಿ ಅದರ ಪರದೇಶಿತನ ಪೂರ್ತಿ ತೊಳೆದುಹೋಗಿತ್ತು.

ಇನ್ನು ಬಾಳಕ. ಇದು ನನ್ನ ಅಪ್ಪನ ಕಡೆಯ ವಿದ್ಯೆ. ಗುಬ್ಬಿ ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಅಜ್ಜಿ ಇದಕ್ಕೆ ಕೈಹಾಕುತ್ತಿದ್ದಳು. ಕಾಯಿ ದಪ್ಪಗಿರಬೇಕು, ಹಸಿರಾಗಿರಬೇಕು, ತೊಟ್ಟು ಗಟ್ಟಿಯಿರಬೇಕು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಯ ಕಾಯಿಗೆ ಬಣ್ಣದ ಹೆಸರಿದೆ, ಆದರೆ ಬಾಳಕಕ್ಕೆ ಬೇಕಾದದ್ದು ಬಣ್ಣವಲ್ಲ, ಒಳಗಿನ ತಿರುಳು. ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೂ ಜಾಲಿಮುಳ್ಳಿನಿಂದ ಎರಡು ಮೂರು ಕಡೆ ಚುಚ್ಚುತ್ತಿದ್ದಳು. ಮುಳ್ಳೇ ಯಾಕೆ, ಚಾಕು ಯಾಕಲ್ಲ ಎಂದರೆ, "ಸೀಳಿದ್ರೆ ಬೀಜ ಚೆಲ್ಲೋಯ್ತದೆ, ಚುಚ್ಚಿದ್ರೆ ಉಪ್ಪು ಒಳೀಕ್ ಹೋಯ್ತದೆ, ಖಾರ ಒಳಗೇ ಇರ್ತದೆ" ಅನ್ನುತ್ತಿದ್ದಳು. ಈಗಿನವರು ಉದ್ದಕ್ಕೆ ಸೀಳಿ ಮೆಂತ್ಯದ ಪುಡಿ ತುಂಬುತ್ತಾರೆ. ಅದೂ ಚೆನ್ನಾಗಿಯೇ ಇರುತ್ತದೆ, ಅಜ್ಜಿಯ ಮುಂದೆ ಮಾತ್ರ ಹೇಳುವ ಹಾಗಿರಲಿಲ್ಲ.

ಎರಡು ದಿನದ ಹುಳಿ ಮಜ್ಜಿಗೆಗೆ ಕಲ್ಲುಪ್ಪು, ಸ್ವಲ್ಪ ಇಂಗು. ಸೇರು ಕಾಯಿಗೆ ಒಂದು ಹಿಡಿ ಉಪ್ಪು ಅವಳ ಲೆಕ್ಕ. ಹಿಡಿ ಯಾರದು ಎಂಬುದು ಮುಖ್ಯ. ಅವಳ ಹಿಡಿಯನ್ನು ಒಮ್ಮೆ ತಕ್ಕಡಿಗೆ ಹಾಕಿಸಿ ನೋಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ರಾತ್ರಿಯೆಲ್ಲ ಮಡಕೆಯಲ್ಲಿ ಕಾಯಿ ನೆನೆಯುತ್ತದೆ. ಬೆಳಿಗ್ಗೆ ಕಾಯಿಗಳನ್ನಷ್ಟೇ ಎತ್ತಿ ಈಚಲು ಚಾಪೆಯ ಮೇಲೆ ಹರಡಬೇಕು. ಸಂಜೆ ಮತ್ತೆ ಅದೇ ಮಜ್ಜಿಗೆಗೆ ಬಿಡಬೇಕು. ಹೀಗೆ ಮೂರು, ನಾಲ್ಕು, ಕೆಲವೊಮ್ಮೆ ಐದು ದಿನ. ದಿನದಿನಕ್ಕೆ ಮಡಕೆಯ ಮಜ್ಜಿಗೆ ಇಳಿಯುತ್ತಾ, ಕಾಯಿ ಬಿಳಿಚಿಕೊಳ್ಳುತ್ತಾ ಹೋಗಿ, ಕೊನೆಗೊಂದು ಸಂಜೆ ತಳದಲ್ಲಿ ಉಪ್ಪಿನ ಪದರ ಬಿಟ್ಟರೆ ಏನೂ ಉಳಿದಿರುವುದಿಲ್ಲ. ಆಮೇಲೆ ಬರಿಯ ಬಿಸಿಲು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಿಗಿಲಿ ಅನ್ನಬೇಕು. ಅಲ್ಲಿಯವರೆಗೆ ಡಬ್ಬಿಗೆ ಪ್ರವೇಶವಿಲ್ಲ.

ಒಳಗೆ ನಡೆಯುವುದು ಇಷ್ಟು. ಉಪ್ಪು ಕಾಯಿಯ ನೀರನ್ನು ಹೊರಗೆಳೆಯುತ್ತದೆ. ಮಜ್ಜಿಗೆಯ ಹುಳಿಯೂ ಉಪ್ಪೂ ಸೇರಿ ಕೊಳೆಸುವ ಜೀವಾಣುಗಳಿಗೆ ಜಾಗ ಇಲ್ಲದಂತೆ ಮಾಡುತ್ತವೆ, ಬಿಸಿಲು ಉಳಿದ ತೇವವನ್ನು ತೆಗೆಯುತ್ತದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಲು ಮೊಸರುಗಳಲ್ಲಿರುವ ಕೇಸೀನ್ ಅದನ್ನು ನಾಲಿಗೆಯಿಂದ ಬಿಡಿಸುತ್ತದೆ. ಬಾಯಿ ಉರಿದವನಿಗೆ ನೀರಿಗಿಂತ ಮಜ್ಜಿಗೆಯೇ ವಾಸಿ ಅನ್ನುವುದಕ್ಕೂ ಮೊಸರನ್ನಕ್ಕೂ ಬಾಳಕಕ್ಕೂ ಇರುವ ಜೋಡಿಗೂ ಕಾರಣ ಒಂದೇ. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಖಾರವನ್ನು ಅಳೆಯುವ ವಿಧಾನ ಕಂಡುಹಿಡಿದ. ಸಕ್ಕರೆ ನೀರು ಬೆರೆಸುತ್ತಾ ಹೋಗಿ, ನಾಲಿಗೆಗೆ ಖಾರ ತಿಳಿಯದಾಗುವವರೆಗೆ ಎಷ್ಟು ಪಾಲು ಬೇಕಾಯಿತು ಎಂದು ಲೆಕ್ಕ ಹಾಕುವುದು. ಅಜ್ಜಿಯ ಅಳತೆ ಇದಕ್ಕಿಂತ ಸರಳವಾಗಿತ್ತು. ಕರಿಯುವಾಗ ಬೀದಿಯಲ್ಲಿ ಹೋಗುವವರು ಕೆಮ್ಮಿದರೆ ಆ ವರ್ಷದ ಕಾಯಿ ಖಾರ.

ಗಮನಿಸಬೇಕಾದ್ದು ಬಾಳಕ ಎಂಬ ಪದವನ್ನು. ಇದು ಮೆಣಸಿನಕಾಯಿಯ ಹೆಸರಲ್ಲ, ಒಂದು ಕ್ರಮದ ಹೆಸರು. ಗೋರಿಕಾಯಿ ಬಾಳಕ ಇದೆ, ಹಾಗಲಕಾಯಿ ಬಾಳಕ ಇದೆ, ಬೆಂಡೆಕಾಯಿಯದೂ ಇದೆ. ಸುಗ್ಗಿಯಲ್ಲಿ ಹೆಚ್ಚಾದದ್ದನ್ನು ಉಪ್ಪು ಹಚ್ಚಿ ಒಣಗಿಸಿ ಬರಗಾಲದ ತಿಂಗಳುಗಳಿಗೆ ಎತ್ತಿಡುವುದು ಮಳೆ ನೆಚ್ಚಲಾಗದ ಈ ಸೀಮೆಯ ಹಳೆಯ ಬುದ್ಧಿ. ಹೊಸ ಕಾಯಿ ಬಂದಾಗ ಹೆಂಗಸರು ಹೊಸ ವಿದ್ಯೆಯನ್ನೇನೂ ಕಲಿಯಲಿಲ್ಲ, ಇದ್ದ ಸಾಲಿನಲ್ಲಿ ಇದನ್ನೂ ಕೂರಿಸಿದರು. ಮೆಕ್ಸಿಕೋದವರು ಮೆಣಸಿನಕಾಯಿಯನ್ನು ವಿನಿಗರಿನಲ್ಲಿ ಹಾಕಿಡುತ್ತಾರೆ, ಪೋರ್ಚುಗೀಸರ ನೆರಳಿನ ಗೋವೆಯಲ್ಲೂ ಹುಳಿಗೆ ವಿನಿಗರ್ ಉಂಟು. ಕಾಯಿಯ ಜೊತೆ ಆ ಪದ್ಧತಿ ನಮ್ಮ ಸೀಮೆಗೆ ಬರಲಿಲ್ಲ. ಇಲ್ಲಿ ಹುಳಿ ಅಂದರೆ ಮಜ್ಜಿಗೆ, ನಿಂಬೆ, ಹುಣಸೆ.

ಇಲ್ಲಿಯವರೆಗೆ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಬಾಳಕ ಈ ಸೀಮೆಯ ಎಲ್ಲ ಮನೆಗಳ ತಿಂಡಿ, ಬಡವರ ಆಸರೆ ಎಂದು ಆಗ ಒಂದು ಸಾಲಿತ್ತು. ಅಮ್ಮ ಅಲ್ಲಿ ತಡೆದಳು.

"ಎಲ್ಲರ ಮನೇದು ಅಂತ ಯಾರಪ್ಪ ಹೇಳಿದ್ದು? ನಮ್ಮನೇಲಿ ಮಾಡ್ತಿರಲಿಲ್ಲ."

ಅಮ್ಮನ ತೌರು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ, ಹುಲಿಯೂರುದುರ್ಗದ ಕಡೆಗೆ. ಯಾಕೆ ಮಾಡ್ತಿರಲಿಲ್ಲ ಎಂದು ಕೇಳಿದೆ.

"ಮಜ್ಜಿಗೆ ಎಲ್ಲಿತ್ತು?"

ಅಷ್ಟೇ ಅಂದಳು. ಇಷ್ಟು ಪುಸ್ತಕ ತಿರುವಿದ ನನಗೆ ಆ ಒಂದು ಪ್ರಶ್ನೆ ಹೊಳೆದಿರಲಿಲ್ಲ. ವಾರಗಟ್ಟಲೆ ಮಡಕೆ ಮಡಕೆ ಮಜ್ಜಿಗೆಯನ್ನು ಕಾಯಿಗೆ ಕುಡಿಸಬೇಕಾದರೆ ಕೊಟ್ಟಿಗೆಯಲ್ಲಿ ಕರೆಯುವ ಹಸು, ಎಮ್ಮೆ ಇರಬೇಕು. ಕರಿಯಲು ಎಣ್ಣೆ ಬೇಕು. ಹರಡಲು ಅಂಗಳ ಬೇಕು, ಕಾಗೆ ಓಡಿಸಲು ಕೂಲಿಗೆ ಹೋಗದ ಒಬ್ಬರು ಮನೆಯಲ್ಲಿರಬೇಕು. ಗಿಡ ಬಡವರ ಹಿತ್ತಲಲ್ಲಿ ಬೆಳೆದ ಮಾತ್ರಕ್ಕೆ ಅದರಿಂದಾಗುವ ಎಲ್ಲವೂ ಬಡವರದಾಗುವುದಿಲ್ಲ. ಅಮ್ಮ ತೌರಿನಲ್ಲಿ ಇದ್ದಷ್ಟು ದಿನವೂ ಅವರಿವರ ಮನೆಯಿಂದ ಚೊಂಬಿನಲ್ಲಿ ಮಜ್ಜಿಗೆ ಕೇಳಿ ತರುತ್ತಿದ್ದರಂತೆ, ಅದೂ ಮುದ್ದೆಗೆ ನೆಂಚಲು.

ಆ ಮನೆಯಲ್ಲಿ ಇದ್ದದ್ದು ಖಾರ. ಕುಣಿಗಲ್ಲಿನಿಂದ ಮಂಡ್ಯದವರೆಗೆ ಉಪ್ಪೆಸರು ಖಾರ ಎಂದರೆ ಎಲ್ಲರಿಗೂ ಗೊತ್ತು. ಹೊಲದ ಬದುವಿನ ಸೊಪ್ಪು, ಒಂದಿಷ್ಟು ಅವರೆಯನ್ನೋ ಹುರುಳಿಯನ್ನೋ ಉಪ್ಪು ಹಾಕಿ ಬೇಯಿಸಿ ಬಸಿದರೆ ಆ ಕಟ್ಟೇ ಎಸರು. ಮೆಣಸಿನಕಾಯಿಯನ್ನು ಕೆಂಡದಲ್ಲೋ ಹೆಂಚಿನ ಮೇಲೋ ಸುಟ್ಟು, ಬೆಳ್ಳುಳ್ಳಿ, ಹುಣಸೆಹಣ್ಣು, ಜೀರಿಗೆ, ಉಪ್ಪು ಸೇರಿಸಿ ಒರಳುಗುಂಡಿನಲ್ಲಿ ನುಣ್ಣಗೆ ಅರೆದರೆ ಖಾರ. ಮಜ್ಜಿಗೆಯಿಲ್ಲ, ಎಣ್ಣೆಯಿಲ್ಲ. ಹುಣಸೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಹುಣಸೆ ವ್ಯಾಪಾರಕ್ಕೆ ತುಮಕೂರಿನ ಮಾರುಕಟ್ಟೆ ಇವತ್ತಿಗೂ ಹೆಸರುವಾಸಿ, ರಸ್ತೆ ಬದಿಯ ಮರ ಕೇಳದೆಯೇ ಕೊಡುತ್ತದೆ. ನೀರು ಸೋಕಿಸದೆ ಗಟ್ಟಿಯಾಗಿ ಅರೆದು ಉಪ್ಪು ಸ್ವಲ್ಪ ಮುಂದು ಮಾಡಿದರೆ ಖಾರ ನಾಲ್ಕಾರು ದಿನ ಕೆಡುವುದಿಲ್ಲ. ತಟ್ಟೆಯಲ್ಲಿ ಮುದ್ದೆ, ಸುತ್ತ ಎಸರು, ಅಂಚಿಗೆ ನೆಲ್ಲಿಕಾಯಿ ಗಾತ್ರದ ಖಾರ. ಎಸರಿಗೆ ಎಷ್ಟು ಕದಡಿಕೊಳ್ಳಬೇಕೆಂಬುದು ಉಣ್ಣುವವರ ಇಷ್ಟ. ಸೊಪ್ಪೂ ಇಲ್ಲದ ದಿನ ಮುದ್ದೆಗೆ ಖಾರವೊಂದೇ. ಪುರಂದರದಾಸರ ಹೆಸರಿನ ಆ ಹಾಡು ಹೇಳುವ ಬಡವರ ಆಸರೆ ಇದೇ ಇರಬೇಕು, ಬಾಳಕವಲ್ಲ.

ಉಪ್ಪಿನ ಮಾತೂ ಹೀಗೆಯೇ. ಸಮುದ್ರದ ಉಪ್ಪು ಘಟ್ಟ ಹತ್ತಿ ಬರುವುದು ದುಬಾರಿಯಾಗಿದ್ದ ಕಾಲಕ್ಕೆ ಬಯಲುಸೀಮೆಯಲ್ಲಿ ಉಪ್ಪಾರರು ಚೌಳುಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಒಂದು ಸಮುದಾಯದ ಹೆಸರೇ ಆ ಕೆಲಸದಿಂದ ಬಂದದ್ದು. ಹಿಡಿ ಉಪ್ಪಿನ ಹಿಂದೆ ಅವರ ಬೆನ್ನಿನ ಬಿಸಿಲಿದೆ. ಅಡುಗೆ ಪುಸ್ತಕಗಳು ಅದನ್ನೂ 'ರುಚಿಗೆ ತಕ್ಕಷ್ಟು' ಎಂದು ಮುಗಿಸುತ್ತವೆ.

ಅಮ್ಮ ಮದುವೆಯಾಗಿ ಗುಬ್ಬಿ ಕಡೆಗೆ ಬಂದ ಮೊದಲ ಬೇಸಿಗೆಯಲ್ಲೇ ಅಜ್ಜಿ ಬಾಳಕದ ಮಡಕೆಯನ್ನು ಅವಳ ಮುಂದಿಟ್ಟಳಂತೆ. ಅಮ್ಮ ಕಾಯಿಯ ಜೊತೆಗೆ ಮಜ್ಜಿಗೆಯನ್ನೂ ಬಿಸಿಲಿಗಿಟ್ಟಳು. "ಬಾಳಕ ಹಾಕಾಕೂ ಬರಲ್ವಾ ನಿಮ್ಮನೇರ್ಗೆ?" ಎಂದು ಅಜ್ಜಿ ನಾಲ್ಕು ಜನರ ಮುಂದೆ ಕೇಳಿದಳು. ಇದನ್ನು ಅಮ್ಮ ನನಗೆ ಹೇಳಿದ್ದು ಅಜ್ಜಿ ಸತ್ತು ಹತ್ತು ವರ್ಷವಾದ ಮೇಲೆ, ಅದೂ ಈ ಲೇಖನದ ನೆಪದಲ್ಲಿ. ಐವತ್ತು ವರ್ಷ ಬಾಳಕ ಹಾಕಿದ ಕೈ ಅವಳದು. ನಾವೆಲ್ಲ ಅದನ್ನು ಅವಳ ಕೈರುಚಿ ಎಂದೇ ತಿಂದದ್ದು. ಅದರ ಜೊತೆಗೇ ಮನೆಯವರ ಊಟ ಮುಗಿದ ಮೇಲೆ ಅಮ್ಮ ಒಲೆಯ ಮುಂದೆ ಕೂತು ಎರಡು ಕಾಯಿ ಸುಟ್ಟು ತನಗೊಬ್ಬಳಿಗೇ ಖಾರ ಅರೆದುಕೊಳ್ಳುತ್ತಿದ್ದುದನ್ನೂ ನಾನು ನೋಡಿದ್ದೇನೆ. ಅದು ಅವಳ ಚಪಲ ಅಂದುಕೊಂಡಿದ್ದೆ.

ನಾನು ತುಮಕೂರಿಗೆ ಓದಲು ಹೊರಟಾಗ ನನ್ನ ಟ್ರಂಕಿನಲ್ಲಿ ಅಮ್ಮ ಎರಡು ಡಬ್ಬಿ ಇಟ್ಟಿದ್ದಳು. ಶಾಲೆ, ಮಠ, ಹಾಸ್ಟೆಲುಗಳ ಊರು ತುಮಕೂರು. ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳು ಮುದ್ದೆ ಉಂಡು ಬೆಳೆದ ಜಿಲ್ಲೆ ಇದು. ಹಳ್ಳಿಯಿಂದ ಬಂದ ಹುಡುಗರ ಟ್ರಂಕು ತೆರೆದರೆ ಪುಸ್ತಕಕ್ಕಿಂತ ಮೊದಲು ಮೂಗಿಗೆ ಬರುವುದು ಇಂಥ ಡಬ್ಬಿಗಳ ವಾಸನೆ. ಬಾಳಕದ ಡಬ್ಬಿಯನ್ನು ನಾನು ಗೆಳೆಯರ ಮುಂದೆ ತೆರೆಯುತ್ತಿದ್ದೆ. ಖಾರದ ಡಬ್ಬಿಯನ್ನು ಒಬ್ಬನೇ ಇದ್ದಾಗ. ಯಾರು ಹೇಳಿಕೊಟ್ಟರು ಹಾಗೆ ಮಾಡಲು?

ಮೆಣಸಿನಕಾಯಿ ತಿಥಿಯ ಎಲೆಗೆ ಬರಲಿಲ್ಲ ನಿಜ, ಆದರೆ ಹೊಸಿಲಿಗೆ ಬಂತು. ಮಗುವಿಗೆ ದೃಷ್ಟಿಯಾದರೆ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತೇವೆ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿತ್ತು ಎಂದರ್ಥ. ಅಂಗಡಿ ಬಾಗಿಲಿಗೆ ನಿಂಬೆಹಣ್ಣಿನ ಜೊತೆ ಏಳು ಹಸಿ ಕಾಯಿ ಕಟ್ಟುತ್ತೇವೆ. ಒಳಗಿನ ಮಡಿಗೆ ಸಲ್ಲದ ಪರದೇಶಿಯನ್ನು ಬಾಗಿಲು ಕಾಯಲು ನಿಲ್ಲಿಸಿದ ಹಾಗೆ. ಇತ್ತೀಚೆಗೆ ಬಂದ ದೊಣ್ಣೆ ಮೆಣಸಿನಕಾಯಿಯ ಪಾಡು ಇನ್ನೂ ತಮಾಷೆ. ಅದರಲ್ಲಿ ಮೆಣಸೂ ಇಲ್ಲ, ಖಾರವೂ ಇಲ್ಲ, ಹೆಸರೊಂದು ಉಳಿದಿದೆ. ಅದಕ್ಕೆ ದೃಷ್ಟಿ ತೆಗೆಯುವ ಕೆಲಸವನ್ನಂತೂ ಯಾರೂ ಕೊಟ್ಟಿಲ್ಲ.

ಚಿಕ್ಕಪೇಟೆಯ ಆ ಯಜಮಾನಿಯೂ ಈಗಿಲ್ಲ. ಅವರ ತಿಥಿಯಲ್ಲಿ, ಅವರು ಬದುಕಿರುವಷ್ಟು ಕಾಲ ದಿನವೂ ತಿಂದ ಬಾಳಕ ಅವರ ಎಲೆಯ ಮೇಲಿರುವುದಿಲ್ಲ. ಅವರ ಮನೆಯ ಪಿತೃಗಳು ಎಷ್ಟೇ ಹೊಸಬರಾದರೂ ಐನೂರು ವರ್ಷ ಹಿಂದಿನ ಊಟವನ್ನೇ ಉಣ್ಣಬೇಕು. ಮೆಣಸನ್ನು ಕೊಂಡು ತಿನ್ನಬಲ್ಲವರ ಮನೆಯ ನೆನಪು ಅದು. ಕೊಳ್ಳಲಾರದವರು ಮೆಣಸಿನಕಾಯಿಗಿಂತ ಮೊದಲು ಮುದ್ದೆಗೆ ಏನು ನೆಂಚಿಕೊಳ್ಳುತ್ತಿದ್ದರು ಎಂಬುದನ್ನು ಯಾವ ತಿಥಿಯೂ ನೆನಪಿಟ್ಟಿಲ್ಲ. ಸೂಪಶಾಸ್ತ್ರದಲ್ಲೂ ಅದಿಲ್ಲ.

ನಮ್ಮಲ್ಲಿ ತಿಥಿಯಿಲ್ಲ, ಪಿತೃಪಕ್ಷಕ್ಕೆ ಎಡೆ ಇಡುತ್ತೇವೆ. ಎಡೆಗೆ ಪಟ್ಟಿಯಿಲ್ಲ, ಸತ್ತವರಿಗೆ ಏನು ಇಷ್ಟವೋ ಅದು. ತಾತನಿಗೆ ಬೀಡಿಕಟ್ಟು, ಚಿಕ್ಕಪ್ಪನಿಗೆ ಅವನು ಇಷ್ಟಪಡುತ್ತಿದ್ದ ಅಂಗಡಿಯ ಬನ್ನು. ಹೋದ ವರ್ಷ ಮಹಾಲಯ ಅಮಾವಾಸ್ಯೆಯ ದಿನ ತುಮಕೂರಿನ ನಮ್ಮ ಮನೆಯಲ್ಲಿ ಅಮ್ಮ ಎಡೆ ಬಡಿಸುವುದನ್ನು ನೋಡುತ್ತಾ ಬಾಗಿಲಲ್ಲಿ ನಿಂತಿದ್ದೆ. ಅಜ್ಜಿಯ ಎಲೆಗೆ ಮೊಸರನ್ನ ಬಡಿಸಿ, ಆ ಬೇಸಿಗೆಯಲ್ಲಿ ತಾರಸಿಯ ಮೇಲೆ ಒಣಗಿಸಿದ್ದ ಬಾಳಕವನ್ನು ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಕರಿದು ಎರಡು ಇಟ್ಟಳು. ಸ್ವಲ್ಪ ಹೊತ್ತು ನೋಡಿ ಇನ್ನೊಂದು ಇಟ್ಟಳು. ಆಮೇಲೆ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದಳು. ಅದು ಕುಣಿಗಲ್ ಅಜ್ಜಿಯದು. ಗಂಡನ ಮನೆಯ ಎಡೆಯಲ್ಲಿ ತೌರಿನವರಿಗೆ ಎಲೆ ಹಾಕುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಯಾರೂ ಏನೂ ಅನ್ನಲಿಲ್ಲ.

ಆ ಎಲೆಗೆ ಒಂದು ಮುದ್ದೆ ಇಟ್ಟು, ಅಂಚಿಗೆ ಖಾರ ಹಚ್ಚಿದಳು. ಬೆರಳಿಗೆ ಅಂಟಿದ್ದನ್ನು ನೆಕ್ಕಿ, "ಉಪ್ಪು ಒಂಚೂರು ಕಮ್ಮಿಯಾಯ್ತು" ಅಂದು ಮತ್ತೆ ಒಳಗೆ ಹೋದಳು.